ಬಾಗೇವಾಡಿಯಿಂದ ಅಮಿನಿದಿವಿಗೆ: ಹಾಯಿದೋಣಿ ಹತ್ತುವವರು ತಿಳಿದಿರಬೇಕಾದದ್ದು

ದ್ವೀಪಗಳ ನಡುವೆ ಹಾಯಿದೋಣಿಯಲ್ಲಿ ಓಡಾಡಬೇಕು ಎನ್ನುವವರು ಮೊದಲು ದ್ವೀಪ ಆರಿಸುತ್ತಾರೆ, ಆಮೇಲೆ ರಜೆ ಹೊಂದಿಸುತ್ತಾರೆ, ಹವಾಮಾನ ನೋಡುವುದು ಕೊನೆಗೆ. ಇದನ್ನು ತಿರುವುಮುರುವು ಮಾಡಿಕೊಳ್ಳಿ. ಮೊದಲು ತಿಂಗಳು ಗೊತ್ತುಮಾಡಬೇಕು, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ನಮ್ಮ ಬಾಗೇವಾಡಿ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆ ಕಬ್ಬಿನ ಹಂಗಾಮು ಮುಗಿದು ಕೈ ಬಿಡುವಾಗುವುದು, ಮಕ್ಕಳ ಶಾಲೆಗೆ ರಜೆ ಬೀಳುವುದು ಏಪ್ರಿಲ್-ಮೇನಲ್ಲಿ. ಅರಬ್ಬಿ ಸಮುದ್ರ ಕೆಡಲು ಶುರುವಾಗುವುದೂ ಅದೇ ಹೊತ್ತಿಗೆ. 2021ರ ಮೇ ತಿಂಗಳ ನಡುವೆ ತೌಕ್ತೆ ಚಂಡಮಾರುತ ಎದ್ದದ್ದು ಲಕ್ಷದ್ವೀಪದ ಬಳಿಯಲ್ಲೇ. 2025ರ ಮೇ 12ರಂದು ಸಿಮೆಂಟು ಮತ್ತಿತರ ಸಾಮಾನು ಹೊತ್ತು ಮಂಗಳೂರಿನಿಂದ ಕಡಮತ್ ದ್ವೀಪಕ್ಕೆ ಹೊರಟ ‘ಸಲಾಮತ್’ ಎಂಬ ಸರಕು ಹಡಗು ಎರಡು ದಿನದೊಳಗೆ ನಡುಗಡಲಲ್ಲಿ ಮುಳುಗಿತು. ಸಣ್ಣ ದೋಣಿಗೆ ಹಾರಿಕೊಂಡಿದ್ದ ಆರೂ ಮಂದಿಯನ್ನು ಕೋಸ್ಟ್ ಗಾರ್ಡ್ ಕಾಪಾಡಿತು. ಅದರಲ್ಲಿದ್ದವರು ಕಡಲಲ್ಲೇ ಬದುಕು ಮಾಡುವವರು, ಬೇಸಿಗೆ ರಜೆ ಕಳೆಯಲು ಬಂದವರಲ್ಲ.

ಹಾಗಾಗಿ ಡಿಸೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ ಎಂದು ಬರೆದಿಟ್ಟುಕೊಳ್ಳಿ. ಅಕ್ಟೋಬರ್, ನವೆಂಬರಿನಲ್ಲಿ ನೀರು ತಿಳಿಯಾಗಿ ಕಂಡರೂ ಅದು ಹಿಂಗಾರಿನ ಚಂಡಮಾರುತಗಳ ಕಾಲ. 2017ರಲ್ಲಿ ಒಖಿ ಲಕ್ಷದ್ವೀಪಕ್ಕೆ ಬಡಿದದ್ದು ಡಿಸೆಂಬರಿನ ಮೊದಲ ವಾರದಲ್ಲಿ. ರೋಹಿಣಿ ಮಳೆ ಹೂಡುವ ಮೊದಲು ಪ್ರತಿ ಹಾಯಿದೋಣಿಯೂ ದಡದ ಮೇಲೆ ಇರಬೇಕು. ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ ಇರುತ್ತದೆ. ಮೀನುಗಾರರೇ ಇಳಿಯದ ನೀರಿಗೆ ನಾವು ಇಳಿಯುವ ಮಾತೇ ಇಲ್ಲ.

ಇನ್ನು ಯಾವ ದ್ವೀಪ? ಕೆರಿಬಿಯನ್, ತಾಹಿತಿ ಎಂದು ವಿಡಿಯೋ ನೋಡಿ ಆಸೆಪಡುವವರಿಗೆ ನಾನು ಹೇಳುವುದು ಅಮಿನಿದಿವಿಯ ಹೆಸರು. ಲಕ್ಷದ್ವೀಪದ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಗುಂಪಿಗೆ ಸೇರಿದವು. 1956ರ ನವೆಂಬರ್ 1ಕ್ಕೆ ಕೇಂದ್ರಾಡಳಿತ ಪ್ರದೇಶ ಆಗುವವರೆಗೂ ಇವು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಅದಕ್ಕೂ ಹಿಂದೆ, 1787ರಲ್ಲಿ, ಕಣ್ಣೂರಿನ ಅರಕ್ಕಲ್ ಮನೆತನದ ಕೈತಪ್ಪಿ ಟಿಪ್ಪುವಿನ ಆಳ್ವಿಕೆಗೆ ಬಂದಿದ್ದವು; 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಗೆ ಹೋದವು. ಅಮಿನಿಯಲ್ಲಿ ಮೊಣೆಗಾರನೆಂಬ ಅಧಿಕಾರಿ ಇರುತ್ತಿದ್ದ, ಅವನ ಮೇಲಿನ ಕಚೇರಿ ಮಂಗಳೂರು. ದ್ವೀಪದವರು ತೆಂಗಿನ ಮರದ ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದು ಕಟ್ಟಿದ ‘ಓಡಂ’ ಎಂಬ ಹಾಯಿಹಡಗಿನಲ್ಲಿ ತೆಂಗಿನ ನಾರು, ಕೊಬ್ಬರಿ, ಬೆಲ್ಲ ಹೊತ್ತು ಮಂಗಳೂರಿಗೆ ಬಂದು ಅಕ್ಕಿ ಕೊಂಡೊಯ್ಯುತ್ತಿದ್ದರು. ಮೊಳೆಯಿಲ್ಲದೆ ಹಡಗು ಹೊಲಿಯುವ ವಿದ್ಯೆ ಇನ್ನೂ ಸತ್ತಿಲ್ಲ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಅದೇ ಬಗೆಯ ಹೊಲಿದ ಹಡಗು, ಅದರ ಮಾದರಿ ಅಜಂತಾದ ಒಂದು ಚಿತ್ರ. ಈಗಲೂ ಮಂಗಳೂರಿನ ಹಳೆ ಬಂದರಿನಿಂದ ದ್ವೀಪಗಳಿಗೆ ಸಾಮಾನು ಹೊತ್ತ ‘ಮಂಜಿ’ ಎಂಬ ಹಡಗುಗಳು ಹೋಗುತ್ತವೆ, ಎಂಜಿನ್ ಕೂರಿಸಿಕೊಂಡು. ಈ ದಾರಿ ಪ್ರವಾಸಿಗರು ಕಂಡುಹಿಡಿದದ್ದಲ್ಲ.

ದೂರದ ಲೆಕ್ಕ ನೋಡಿ. ಮಂಗಳೂರಿನಿಂದ ಕಿಲ್ತಾನಿಗೆ ನೇರ ಗೆರೆಯಲ್ಲಿ ಸುಮಾರು 250 ಕಿಲೋಮೀಟರ್, ಚೆತ್ಲಾತಿಗೆ ಸುಮಾರು 265. ಕಡಲಿನವರು ಲೆಕ್ಕ ಹಾಕುವುದು ನಾಟಿಕಲ್ ಮೈಲಿಯಲ್ಲಿ, ಅಂದರೆ 1.852 ಕಿಲೋಮೀಟರ್, ಗಂಟೆಗೆ ಅಂಥದೊಂದು ಮೈಲಿ ಹೋದರೆ ಒಂದು ನಾಟ್. 35-40 ಅಡಿಯ ಹಾಯಿದೋಣಿ ಒಳ್ಳೆಯ ಗಾಳಿಯಲ್ಲಿ 5 ನಾಟ್ ಓಡಿತು ಎಂದುಕೊಂಡರೆ ಕಿಲ್ತಾನ್ ಮುಟ್ಟಲು ಒಂದು ಹಗಲು, ಒಂದು ರಾತ್ರಿ, ಮರುದಿನದ ಬೆಳಗು ಬೇಕು. ಒಮ್ಮೆ ಅಲ್ಲಿಗೆ ಹೋದ ಮೇಲೆ ದೂರಗಳು ಮನುಷ್ಯರ ಅಳತೆಗೆ ಇಳಿಯುತ್ತವೆ. ಕಿಲ್ತಾನಿನಿಂದ ಚೆತ್ಲಾತಿಗೂ ಕಡಮತ್ತಿಗೂ 40 ಕಿಲೋಮೀಟರಿನ ಒಳಗೆ, ಅಂದರೆ ನಾಲ್ಕೈದು ಗಂಟೆಯ ಹಾದಿ. ಕಡಮತ್ತಿನಿಂದ ಅಮಿನಿ ಎದುರಿಗೇ ಇದೆ, 12 ಕಿಲೋಮೀಟರಿನ ಆಸುಪಾಸು. ಅಮಿನಿಯಿಂದ ರಾಜಧಾನಿ ಕವರತ್ತಿಗೆ 60. ನಸುಕಿಗೆ ಹೊರಟರೆ ಇವೆಲ್ಲ ಹಗಲಿನಲ್ಲೇ ಮುಗಿಯುತ್ತವೆ. ಬಿತ್ರಾ ಮಾತ್ರ ಪಡುವಣಕ್ಕೆ ಒಂಟಿಯಾಗಿ ನಿಂತಿದೆ, ಮೊದಲ ಸಲದವರು ಅದನ್ನು ಬಿಟ್ಟುಬಿಡಬಹುದು.

ಇಷ್ಟು ಓದಿ ನಾಳೆಯೇ ಮಂಗಳೂರಿನ ಬಸ್ಸು ಹತ್ತಬೇಡಿ. ಬಯಲುಸೀಮೆಯವರಿಗೆ ನಡುವೆ ಎರಡು ಮೆಟ್ಟಿಲು ಬೇಕು, ಅದರಲ್ಲಿ ಮೊದಲನೆಯದು ಕಲಿಕೆ. ಹಿಡಕಲ್ ಹಿನ್ನೀರು ಕಣ್ಣಿಗೆ ಕಡಲಿನಂತೆಯೇ ಕಾಣುತ್ತದೆ, ಆದರೆ ಕಲಿಸುವವರೂ ಪಕ್ಕದಲ್ಲಿ ರಕ್ಷಣೆಯ ದೋಣಿಯೂ ಇಲ್ಲದ ಕಡೆ ಹಾಯಿ ಬಿಚ್ಚುವುದು ಹುಚ್ಚುತನ. ಜಲಾಶಯದಲ್ಲಿ ದೋಣಿ ಇಳಿಸಲು ಅನುಮತಿಯೂ ಬೇಕು. ನಮಗೆ ಹತ್ತಿರದ ಶಾಲೆ ಗೋವಾ. ಬೆಳಗಾವಿ ದಾಟಿ ಚೋರ್ಲಾ ಘಟ್ಟ ಇಳಿದರೆ ಪಣಜಿ. ಗೋವಾ ಯಾಟಿಂಗ್ ಅಸೋಸಿಯೇಷನ್ ಅಲ್ಲಿದೆ, ಜೀವರಕ್ಷಣೆ ಮತ್ತು ದೋಣಿ ನಡೆಸುವ ತರಬೇತಿಗೆ ಕಾರಂಜಾಳೆಯ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನವರ ಹಾಯಿಗಳನ್ನು ನೋಡಿಯೇ ಇರುತ್ತಾರೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲೂ ಹಾಯಿ ಕ್ಲಬ್ ಇದೆ. ಮೊದಲು ಒಬ್ಬರೇ ಕೂರುವ ಸಣ್ಣ ದೋಣಿಯಲ್ಲಿ ಕಲಿಯುವುದು ಒಳ್ಳೆಯದು. ದೊಡ್ಡ ದೋಣಿ ತಪ್ಪನ್ನು ಮುಚ್ಚಿಡುತ್ತದೆ, ಸಣ್ಣದು ಕೂಡಲೇ ನೀರಿಗೆ ಕೆಡವಿ ಹೇಳುತ್ತದೆ. ಹೊಲದ ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವರು ಕಡಲಿನಲ್ಲಿ ಮತ್ತೊಮ್ಮೆ ಕಲಿಯಬೇಕು. ಬಾವಿಯಲ್ಲಿ ತೆರೆಯೂ ಇಲ್ಲ, ಸೆಳವೂ ಇಲ್ಲ.

ಕಲಿಯುವ ವಿಷಯದ ತಿರುಳು ಒಂದೇ. ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿಯೂ ಹೋಗಲಾರದು. ಎರಡೂ ಪಕ್ಕಕ್ಕೆ ಸುಮಾರು 45 ಡಿಗ್ರಿ ಬಿಟ್ಟುಕೊಂಡು ಹಾವಿನ ನಡೆಯಲ್ಲಿ ಏರಬೇಕು. ನಕ್ಷೆಯಲ್ಲಿ 20 ಕಿಲೋಮೀಟರ್ ಕಂಡದ್ದು ನೀರಿನ ಮೇಲೆ 30 ಆಗುವುದು ಹೀಗೆ. ಗಾಳಿ ಜೋರಾದಾಗ ಹಾಯಿಯ ಕೆಳಗಿನ ಪಾಲನ್ನು ಮಡಚಿ ಕಟ್ಟಿ ಗಾತ್ರ ಕುಗ್ಗಿಸಬೇಕು. ಇದಕ್ಕೆ ಹಳಬರ ಕಟ್ಟಳೆ: ಮಡಚಬೇಕೇನೋ ಎಂದು ಅನ್ನಿಸಿದ ಗಳಿಗೆಯಲ್ಲೇ ಮಡಚಿಬಿಡು.

ಎರಡನೆಯ ಮೆಟ್ಟಿಲು ಕಾರವಾರ. ಅಲ್ಲಿಯ ಕೊಲ್ಲಿಯ ಎದುರಿಗೇ ಕೂರ್ಮಗಡ, ದೇವಗಡ ಮತ್ತಿತರ ದ್ವೀಪಗಳು ಚೆದುರಿಕೊಂಡಿವೆ. ದೇವಗಡದ ದೀಪಸ್ತಂಭ 1864ರದು. ಹೊಸಬರಿಗೆ ಈ ಜಾಗ ಹೇಳಿ ಮಾಡಿಸಿದಂತಿದೆ, ಅದಕ್ಕೆ ಕಾರಣ ಗಾಳಿ. ಚಳಿಗಾಲ ಮತ್ತು ಬೇಸಿಗೆಯ ಮೊದಲ ತಿಂಗಳುಗಳಲ್ಲಿ ನಸುಕಿನಲ್ಲಿ ಗಾಳಿ ನೆಲದ ಕಡೆಯಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಹತ್ತರ ಹೊತ್ತಿಗೆ ಅದು ಸತ್ತು ಸ್ವಲ್ಪ ಹೊತ್ತು ನೀರು ಎಣ್ಣೆ ಹೊಯ್ದಂತೆ ನಿಂತುಬಿಡುತ್ತದೆ, ಹಾಯಿ ಜೋತುಬೀಳುತ್ತದೆ. ಮಧ್ಯಾಹ್ನ ಕಾದ ನೆಲದ ಮೇಲಿನ ಗಾಳಿ ಮೇಲೇಳುತ್ತಿದ್ದಂತೆ ವಾಯವ್ಯದಿಂದ ಕಡಲಗಾಳಿ ನುಗ್ಗಿ ಸಂಜೆಯವರೆಗೆ ಬೀಸುತ್ತದೆ. ಹೊರಡಲು ಬೆಳಗಿನ ಗಾಳಿ, ಮನೆಗೆ ಮರಳಲು ಮಧ್ಯಾಹ್ನದ ಗಾಳಿ. ಎರಡನ್ನೂ ಬಳಸಿ ಕೂರ್ಮಗಡಕ್ಕೆ ಹೋಗಿಬಂದವರಿಗೆ ಹಾಯಿಯ ಅರ್ಧ ವಿದ್ಯೆ ಬಂದಂತೆ.

ಕೂರ್ಮಗಡದ ಹೆಸರು ಬಂದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. 2019ರ ಜನವರಿ 21ರಂದು ಅಲ್ಲಿಯ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ ಇದ್ದರು. ಸತ್ತವರಲ್ಲಿ ಹಲವರು ಘಟ್ಟದ ಮೇಲಿನ ಹಾವೇರಿ ಜಿಲ್ಲೆಯವರು, ನಮ್ಮಂತೆಯೇ ಕಡಲಿಗೆ ಹೊಸಬರು. ಲೈಫ್ ಜಾಕೆಟ್ ಸೀಟಿನ ಕೆಳಗೆ ಇದ್ದರೆ ಇದ್ದಂತಲ್ಲ. ಅದನ್ನು ತೊಟ್ಟು, ಬೆಲ್ಟು ಬಿಗಿದು, ಎರಡೂ ಭುಜದ ಹತ್ತಿರ ಹಿಡಿದು ಯಾರಾದರೂ ಮೇಲಕ್ಕೆ ಜಗ್ಗಿದರೆ ಗಲ್ಲದ ಕೆಳಗೇ ನಿಲ್ಲಬೇಕು. ಕಿವಿ ದಾಟಿ ಮೇಲೆ ಬಂದರೆ ಅದು ನಿಮ್ಮ ಅಳತೆಯದಲ್ಲ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿ ಕೂರಿಸುವುದನ್ನು ನಮ್ಮ ಪ್ರವಾಸಿ ದೋಣಿಗಳಲ್ಲಿ ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ.

ಕಾರವಾರದ ತೆಂಕಣಕ್ಕೆ ತಿರುಗಬೇಡಿ. ಅಂಜದೀವ್ ದ್ವೀಪ ಚೆಲುವಾಗಿದೆ, ಚರಿತ್ರೆಯೂ ಇದೆ: 1498ರಲ್ಲಿ ವಾಸ್ಕೋ ಡ ಗಾಮ ತಂಗಿದ್ದು ಅಲ್ಲಿ, 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಅದನ್ನು ಬಿಡಿಸುವಾಗ ನಮ್ಮ ನಾವಿಕರು ಪ್ರಾಣ ಕೊಟ್ಟಿದ್ದಾರೆ. ಈಗ ಅದು ಕದಂಬ ನೌಕಾನೆಲೆಯ ಒಳಗೆ. ಹತ್ತಿರ ಸುಳಿದರೂ ವಿಚಾರಣೆ ಖಾತ್ರಿ. ಇನ್ನೂ ತೆಂಕಣಕ್ಕೆ ಮುರುಡೇಶ್ವರದ ಎದುರಿನ ನೇತ್ರಾಣಿ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳು ಸಿಗುತ್ತವೆ. ಸೇಂಟ್ ಮೇರೀಸಿನ ಕಲ್ಲಿನ ಕಂಬಗಳು ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷ ಹಳೆಯದು. ನೋಡಲು ಮಲ್ಪೆಯ ಪ್ರವಾಸಿ ದೋಣಿಯೇ ಸಾಕು. ಸುತ್ತ ಬಂಡೆಗಳಿರುವುದರಿಂದ ಸ್ವಂತ ದೋಣಿಯವರು ದೂರವೇ ಇರುವುದು ಲೇಸು.

ಕಾಗದಪತ್ರದ ಮಾತು ಬೇಸರದ್ದು, ಬೇಗ ಮುಗಿಸುತ್ತೇನೆ. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, 1967ರ ನಿಯಮದಂತೆ. ಪರವಾನಗಿಯಲ್ಲಿ ಬರೆದ ದ್ವೀಪಗಳಿಗೆ ಮಾತ್ರ ಇಳಿಯಬಹುದು, ಆದ್ದರಿಂದ ಅರ್ಜಿ ಹಾಕುವ ಮೊದಲೇ ದಾರಿ ಗೊತ್ತಾಗಿರಬೇಕು. ಹೊರದೇಶದ ಪಾಸ್‌ಪೋರ್ಟ್ ಇರುವ ನೆಂಟರು ಜೊತೆಗೆ ಬರುವುದಾದರೆ ಅವರಿಗೆ ನಿಯಮವೇ ಬೇರೆ, ತೆರೆದಿರುವ ದ್ವೀಪಗಳೂ ಕೆಲವೇ. ದೋಣಿಗೆ ನೋಂದಣಿ ಬೇಕು. ಹೊರಡುವ ಬಂದರಿನ ಕಚೇರಿಗೆ, ಕೋಸ್ಟ್ ಗಾರ್ಡಿಗೆ ಜನರ ಪಟ್ಟಿ, ದಾರಿ, ತಲುಪುವ ಹೊತ್ತು ಬರೆದುಕೊಡಬೇಕು. ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ ತುರ್ತು ಕರೆಗೆ ಮೀಸಲು, ಅದು ಸದಾ ತೆರೆದಿರಲಿ. ಕೋಸ್ಟ್ ಗಾರ್ಡಿನ ಸಹಾಯವಾಣಿ 1554, ಕರಾವಳಿ ಪೊಲೀಸರದು 1093. ದಡ ಬಿಟ್ಟು ಒಂದಿಷ್ಟು ದೂರ ಹೋದ ಮೇಲೆ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ ಎಂದು ಸ್ಯಾಟಲೈಟ್ ಫೋನ್ ತರಿಸಿಕೊಳ್ಳುವವರಿದ್ದಾರೆ. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಂಡರೆ ಕೇಸು ಬೀಳುತ್ತದೆ. ನಕ್ಷೆಗಳನ್ನು ಅಚ್ಚುಮಾಡುವುದು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ. ತೆರೆಯ ಎತ್ತರದ ಮುನ್ಸೂಚನೆ ಕೊಡುವುದು ಹೈದರಾಬಾದಿನ ಇಂಕಾಯಿಸ್. ಅದನ್ನು ಹೊರಡುವ ಹಿಂದಿನ ದಿನ ಮಾತ್ರವಲ್ಲ, ವಾರಪೂರ್ತಿ ನೋಡುತ್ತಿರಬೇಕು.

ಸ್ವಂತ ದೋಣಿ ಎಲ್ಲಿಂದ ತರುವುದು? ಬಾಡಿಗೆಗೆ ಹಿಡಿದು ನಾವೇ ನಡೆಸಿಕೊಂಡು ಹೋಗುವ ಪದ್ಧತಿ ಲಕ್ಷದ್ವೀಪದಲ್ಲಿ ಬೆಳೆದಿಲ್ಲ. ಗೋವಾ, ಮುಂಬೈ, ಕೊಚ್ಚಿಯ ಬೋಲ್ಗಾಟಿ ಮರೀನಾ ಕಡೆ ದೋಣಿ ಇಟ್ಟುಕೊಂಡವರ ಜೊತೆ ಖರ್ಚು ಹಂಚಿಕೊಂಡು ಹೋಗುವುದೊಂದು ದಾರಿ. ಕೊಚ್ಚಿಯಿಂದ ಪ್ರಯಾಣಿಕರ ಹಡಗಿನಲ್ಲಿ ಕಡಮತ್‌ಗೋ ಕವರತ್ತಿಗೋ ಹೋಗಿ ಹವಳದ ದಂಡೆಯೊಳಗಿನ ತಿಳಿನೀರಾದ ಲಗೂನಿನಲ್ಲಿ ಸಣ್ಣ ದೋಣಿಯಲ್ಲಿ ಆಡಿಬರುವುದು ಇನ್ನೊಂದು. ಮನೆಮಂದಿಯೊಂದಿಗೆ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಮಂಗಳೂರಿನಿಂದ ಪ್ರಯಾಣಿಕ ಹಡಗು ಒಮ್ಮೆ ಇದ್ದರೆ ಒಮ್ಮೆ ಇಲ್ಲ, ಅದನ್ನು ನೆಚ್ಚಿ ರಜೆ ಹಾಕಬೇಡಿ. ದುಡ್ಡಿಗೆ ಯೋಚನೆಯಿಲ್ಲ, ದೋಣಿ ನಾನೇ ನಡೆಸಬೇಕು ಎನ್ನುವವರು ಸೇಶೆಲ್ಸ್ ನೋಡಬಹುದು. ಮಾಹೆ, ಪ್ರಾಲೆಂ, ಲಾ ದೀಗ್ ಎಂಬ ಅಲ್ಲಿಯ ಒಳದ್ವೀಪಗಳು ಒಂದಕ್ಕೊಂದು ಕಾಣುವಷ್ಟು ಹತ್ತಿರ, ಚಂಡಮಾರುತದ ಪಟ್ಟಿಯಿಂದಲೂ ಹೊರಗೆ. ಆದರೆ ಬಾಡಿಗೆ ಕೊಡುವವರು ಮೊದಲು ಕೇಳುವುದು ನಿಮ್ಮ ತರಬೇತಿಯ ಸರ್ಟಿಫಿಕೇಟು.

ಮಂಗಳೂರಿನಿಂದ ಹೊರಡುವ ಪಯಣದಲ್ಲಿ ಎರಡು ಗಂಡಾಂತರ ಇವೆ. ಮೊದಲನೆಯದು ರಾತ್ರಿ. ದಾರಿಯಲ್ಲಿ ದೊಡ್ಡ ಹಡಗುಗಳು ಅಡ್ಡ ಬರುತ್ತವೆ. ಅವುಗಳ ದೀಪ ದಿಗಂತದಲ್ಲಿ ಕಂಡ ಮೇಲೆ ನಿಮ್ಮ ಮೇಲೆ ಬರಲು ಇಪ್ಪತ್ತು ನಿಮಿಷ ಸಾಕು, ಅಷ್ಟೆತ್ತರದಿಂದ ನಿಮ್ಮ ದೋಣಿ ಅವರ ಕಣ್ಣಿಗೆ ಬೀಳದೆಯೂ ಹೋಗಬಹುದು. ಮೂರು ಗಂಟೆಗೊಬ್ಬರಂತೆ ಪಾಳಿ ಹಚ್ಚಿ, ಪಾಳಿಯವರು ಹದಿನೈದು ನಿಮಿಷಕ್ಕೊಮ್ಮೆ ಎದ್ದು ನಾಲ್ಕೂ ದಿಕ್ಕು ನೋಡಬೇಕು. ರಾತ್ರಿ ತ್ರೀಫೇಸ್ ಕರೆಂಟು ಬರುವುದನ್ನು ಕಾಯ್ದು ಕಬ್ಬಿಗೆ ನೀರು ಹಾಯಿಸಿದವರಿಗೆ ಈ ನಿದ್ದೆಗೇಡು ಹೊಸದಲ್ಲ. ಎಚ್ಚರವಿರಲು ಒಂದು ಕೆಲಸ ಹೇಳುತ್ತೇನೆ. ಚಾಚಿದ ಕೈಯ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ. ಬಾಗೇವಾಡಿಯ ಅಂಗಳದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 16 ಡಿಗ್ರಿ ಮೇಲಿರುತ್ತದೆ, ಅಂದರೆ ಒಂದೂವರೆ ಮುಷ್ಟಿಗೆ ತುಸು ಹೆಚ್ಚು. ಮಂಗಳೂರಿನಲ್ಲಿ 13, ಕಿಲ್ತಾನಿನ ಹತ್ತಿರ ಹನ್ನೊಂದೂವರೆ. ದ್ವೀಪದ ಹಳೆಯ ನಾವಿಕರು ಗಂಟು ಹಾಕಿದ ದಾರದ ತುದಿಗೆ ಮರದ ಹಲಗೆ ಕಟ್ಟಿ ಇದನ್ನೇ ಅಳೆಯುತ್ತಿದ್ದರು. ಜಿಪಿಎಸ್ ಇದ್ದೇ ಇರಲಿ, ಅದರ ಬ್ಯಾಟರಿ ಮುಗಿದರೂ ಮುಷ್ಟಿ ಇರುತ್ತದೆ.

ಇನ್ನೊಂದು ಗಂಡಾಂತರ ದ್ವೀಪವೇ. ಹವಳದ ದ್ವೀಪಗಳಿಗೆ ಗುಡ್ಡವಿಲ್ಲ, ನೆಲ ನೀರಿನಿಂದ ಕೆಲವೇ ಮೀಟರ್ ಮೇಲೆ. ದೋಣಿಯಲ್ಲಿ ನಿಂತವನಿಗೆ ತೆಂಗಿನ ತಲೆಗಳು ಕಾಣುವುದು ಹೆಚ್ಚೆಂದರೆ 20 ಕಿಲೋಮೀಟರಿನಿಂದ. ಮೊದಲು ಅಂಚಿನ ಮೇಲೆ ಹಲ್ಲುಹಲ್ಲಾಗಿ ಏನೋ ಕಂಡು, ಮಂಜೋ ಮರವೋ ಎಂದು ಅನುಮಾನವಾಗಿ, ಆಮೇಲೆ ಅದರ ಬುಡದಲ್ಲಿ ಬಿಳಿ ಗೆರೆ ಮೂಡುತ್ತದೆ. ಆ ಬಿಳಿಯೇ ಹವಳದ ದಂಡೆಗೆ ಬಡಿದು ಒಡೆಯುವ ತೆರೆ. ಈ ದ್ವೀಪಗಳಲ್ಲಿ ಹೆಚ್ಚಿನವಕ್ಕೆ ಲಗೂನು ಪಡುವಣ ಮಗ್ಗುಲಲ್ಲಿ, ಒಳಹೋಗಲು ದಂಡೆಯಲ್ಲಿ ಇಕ್ಕಟ್ಟಾದ ಕಂಡಿ. ಬೆಳಗಿನ 10ರಿಂದ ಮಧ್ಯಾಹ್ನ 2ರೊಳಗೆ, ಸೂರ್ಯ ನೆತ್ತಿಯ ಮೇಲೋ ಬೆನ್ನ ಹಿಂದೋ ಇದ್ದಾಗ, ಒಬ್ಬರು ದೋಣಿಯ ಮೂತಿಯಲ್ಲಿ ನಿಂತು ನೀರಿನ ಬಣ್ಣ ಕೂಗಿ ಹೇಳುತ್ತಿರಬೇಕು. ಕಡುನೀಲಿ ಆಳ, ತಿಳಿಹಸಿರು ಮರಳಿನ ತಳ, ಕಂದು ಹವಳ. ಸಂಜೆ ಮುಟ್ಟಿದರೆ ಆಸೆ ಬಿಟ್ಟು ರಾತ್ರಿಯೆಲ್ಲ ಹೊರಗೆ ತೇಲುತ್ತಿರುವುದೇ ಸರಿ. ಲಂಗರು ಮರಳಿನಲ್ಲಿ ಮಾತ್ರ ಇಳಿಸಬೇಕು. ಹವಳ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ತುಂಡೊಂದನ್ನು ಮನೆಗೆ ತಂದರೂ ಅಪರಾಧ. ಮಂಗಳೂರನ್ನು ನಸುಕಿನ 5 ಗಂಟೆಗೆ ಬಿಡಬೇಕು ಎನ್ನುವುದೂ ಇದೇ ಲೆಕ್ಕದಿಂದ: ನೆಲದ ಗಾಳಿ ಹೊರಗೆ ದಾಟಿಸುತ್ತದೆ, ಮರುದಿನ ಬಿಸಿಲೇರಿದ ಮೇಲೆ ಕಿಲ್ತಾನ್ ಸಿಗುತ್ತದೆ.

ಊಟದ ವಿಷಯದಲ್ಲಿ ಮಾತ್ರ ಉತ್ತರ ಕರ್ನಾಟಕದವರು ಯಾರಿಂದಲೂ ಕಲಿಯಬೇಕಾದ್ದಿಲ್ಲ. ಫ್ರಿಜ್ಜಿಲ್ಲದ ದೋಣಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಗೋಕಾಕದ ಕರದಂಟು ಇವಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ಅಂಟು, ಒಣಹಣ್ಣು, ಕೊಬ್ಬರಿ, ಬೆಲ್ಲದ ಕರದಂಟು ಒಂದು ತುಂಡು ಬಾಯಿಗೆ ಬಿದ್ದರೆ ರಾತ್ರಿಯ ಪಾಳಿ ಒಂದು ಕಳೆಯುತ್ತದೆ. ಆದರೆ ಕಡಲಗಾಳಿಯ ತೇವ ನಮ್ಮ ಅಡುಗೆಮನೆಗೆ ಗೊತ್ತಿಲ್ಲದ ವೈರಿ. ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿ ಒಂದೇ ರಾತ್ರಿಗೆ ಚರ್ಮದಂತೆ ಜಗ್ಗುತ್ತದೆ. ಬೆಲ್ಲದ ಅಚ್ಚು ಬೆವರಿ, ಸುತ್ತಿದ ಕಾಗದ ಅಂಟಿಕೊಂಡು, ಮೂರನೇ ದಿನ ಪಾಕವಾಗಿ ಹರಿಯುತ್ತದೆ. ಎಲ್ಲವನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗಳಲ್ಲಿ ಒಂದು ದಿನಕ್ಕೆ ಒಂದು ಡಬ್ಬಿಯಂತೆ ಪಾಲು ಮಾಡಿ ಇಡಿ, ಆ ದಿನದ್ದನ್ನು ಮಾತ್ರ ತೆರೆಯಿರಿ. ಕುಡಿಯುವ ನೀರು ತಲೆಗೆ ದಿನಕ್ಕೆ 4 ಲೀಟರಿನಂತೆ, ಮೇಲೆ ಎರಡು ದಿನದ್ದು ಹೆಚ್ಚುವರಿ. ದ್ವೀಪದಲ್ಲಿ ತುಂಬಿಸಿಕೊಂಡರಾಯಿತು ಎನ್ನಬೇಡಿ. ಅಲ್ಲಿಯ ಸಿಹಿನೀರು ಮರಳಿನಡಿಯ ತೆಳುವಾದ ಒಂದು ಪದರ ಅಷ್ಟೇ. ಕವರತ್ತಿಯಲ್ಲಿ 2005ರಿಂದ ಕಡಲ ನೀರನ್ನೇ ಸಿಹಿಮಾಡುವ ಘಟಕ ನಡೆಸುವಷ್ಟು ಕೊರತೆ.

ತಲೆಸುತ್ತು, ವಾಂತಿ ಎಲ್ಲರಿಗೂ ಬರುತ್ತದೆ, ನಾಚಿಕೆ ಬೇಡ. ಗುಳಿಗೆಯನ್ನು ವೈದ್ಯರನ್ನು ಕೇಳಿ ಹೊರಡುವ ಮೊದಲೇ ನುಂಗಬೇಕು, ಸುತ್ತು ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಒಳಗೆ ಮಲಗದೆ ಹೊರಗೆ ಕೂತು ದಿಗಂತ ನೋಡುತ್ತಿರಿ. ಶುಂಠಿ-ಬೆಲ್ಲ ಚಪ್ಪರಿಸುತ್ತಿದ್ದರೆ ಕೆಲವರಿಗೆ ಹಿತ. ದ್ವೀಪದಲ್ಲಿ ಇಳಿದ ಮೇಲೆ ಊರೊಳಗೆ ಮೈತುಂಬ ಬಟ್ಟೆ ಇರಲಿ. ಅಲ್ಲಿಯವರು ಮುಸ್ಲಿಮರು, ಆಡುವುದು ಮಲಯಾಳದ ಒಂದು ಬಗೆ. ಈ ದ್ವೀಪಗಳಲ್ಲಿ ಮದ್ಯ ನಿಷೇಧ, ದೋಣಿಯಲ್ಲೂ ಇಟ್ಟುಕೊಳ್ಳುವಂತಿಲ್ಲ. ಊಟದಲ್ಲಿ ಮೀನೇ ಮೀನು, ಸಸ್ಯಾಹಾರಿಗಳು ತಮ್ಮ ಡಬ್ಬಿಯನ್ನು ನಂಬಿಕೊಳ್ಳಬೇಕು.

ಬರುವ ದಾರಿ ಹೋದಷ್ಟು ಸುಖವಲ್ಲ. ಈ ತಿಂಗಳುಗಳಲ್ಲಿ ಗಾಳಿ ಹೆಚ್ಚಾಗಿ ಉತ್ತರ, ವಾಯವ್ಯದಿಂದ. ನೈರುತ್ಯಕ್ಕೆ ಹೋಗುವಾಗ ಅದು ಬಲಗಡೆಯಿಂದ, ತುಸು ಬೆನ್ನಿನಿಂದ ತಳ್ಳುತ್ತದೆ. ಈಶಾನ್ಯಕ್ಕೆ ಮರಳುವಾಗ ಎಡಗಡೆ ಮುಂದಿನಿಂದ ಬಂದು ತೆರೆಯನ್ನು ಮುಖಕ್ಕೆ ಎರಚುತ್ತದೆ. ಹೋಗಲು 27 ಗಂಟೆ ಹಿಡಿದರೆ ಬರಲು 35 ಎಂದಿಟ್ಟುಕೊಳ್ಳಿ, ಕೆಲಸಕ್ಕೆ ಹಾಜರಾಗುವ ದಿನಕ್ಕೂ ದಡ ಮುಟ್ಟುವ ದಿನಕ್ಕೂ ನಡುವೆ ಎರಡು ದಿನ ಖಾಲಿ ಬಿಡಿ. ಮಂಗಳೂರಿನ ಅಳಿವೆಬಾಗಿಲಲ್ಲಿ ಮರಳಿನ ದಿಬ್ಬ ಇದೆ, ಇಳಿತದ ಹೊತ್ತಿಗೆ ಹೊರಗಿನ ತೆರೆ ಅಲ್ಲಿ ಎದ್ದು ಒಡೆಯುತ್ತದೆ, ಎಷ್ಟೋ ಮೀನುಗಾರಿಕೆ ದೋಣಿಗಳು ಅಲ್ಲೇ ಮಗುಚಿವೆ. ಭರತದ ಹೊತ್ತು ನೋಡಿ ಹಗಲಿನಲ್ಲೇ ಒಳಬನ್ನಿ. ಹಗ್ಗ ಕಟ್ಟಿದ ಮೇಲೆ ಮೊದಲ ಫೋನು ಮನೆಗಲ್ಲ, ಹೊರಡುವಾಗ ಬರೆದುಕೊಟ್ಟ ಕಚೇರಿಗೆ. ಅವರ ಕಡತದಲ್ಲಿ ನೀವು ಇನ್ನೂ ಕಡಲಲ್ಲೇ ಇದ್ದರೆ, ನೀವು ಬಸ್ಸಿನಲ್ಲಿ ಹುಬ್ಬಳ್ಳಿ ದಾಟುವ ಹೊತ್ತಿಗೆ ನಿಮ್ಮನ್ನು ಹುಡುಕಲು ಹಡಗು ಹೊರಟಿರುತ್ತದೆ.